ಹರಕೆಯ ಮರಿ, ಮಗಳ ಸೀಟು: ಕೊಡುವವರು ಯಾರು, ಕಳೆದುಕೊಳ್ಳುವವರು ಯಾರು?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. 2021ರಲ್ಲಿ ನಮ್ಮೆಜಮಾನರು ಕೊರೊನಾ ಬಂದು ಆಕ್ಸಿಜನ್ ಮೇಲಿದ್ದಾಗ ಅತ್ತೆ ಊರ ಮಾರಮ್ಮನಿಗೆ ಒಂದು ಮರಿ ಕೊಡ್ತೀನಿ ಅಂತ ಹರಕೆ ಹೊತ್ತರು. ಅವರು ಹುಷಾರಾಗಿ ಮನೆಗೆ ಬಂದರು, ಹರಕೆ ಹಾಗೇ ಉಳೀತು. ಆಮೇಲೆ ಬೋರ್‌ವೆಲ್ ಬತ್ತಿತು, ಹೋದ ವರ್ಷ ಹಸು ಏಳು ತಿಂಗಳಿಗೇ ಕಂದು ಹಾಕಿತು. ಎಲ್ಲಕ್ಕೂ ಹರಕೆ ತೀರಿಸದ್ದೇ ಕಾರಣ ಅಂತಾರೆ ಅತ್ತೆ. ಮೈದುನ ಈ ಸಲದ ಜಾತ್ರೆಗೆ ಮೂರು ಮರಿ ಕಡಿದು ಮುನ್ನೂರು ಜನಕ್ಕೆ ಊಟ ಹಾಕಬೇಕು, ಒಂದು ಲಕ್ಷ ಸಾಲ ತರೋಣ ಅಂತ ಕೂತಿದ್ದಾನೆ. ಗುಡಿ ಮುಂದೆ ಕಡಿದರೆ ಕೇಸಾಗುತ್ತೆ ಅಂತ ಕೆಲವರು, ಕುಂಬಳಕಾಯಿ ಒಡೀರಿ ಸಾಕು ಅಂತ ಕೆಲವರು. ಅದು ದೇವರಿಗೆ ಮೋಸ ಅಂತ ಅತ್ತೆ. ಪಿಯುಸಿ ಮುಗಿಸಿದ ಮಗಳು ಆ ದಿನ ಮನೆಯಲ್ಲೇ ಇರಲ್ಲ ಅಂತಾಳೆ, ಅಜ್ಜಿನ ಅನಾಗರಿಕರು ಅಂತಾಳೆ. ಅವಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗೋ ಹಾಗಿದೆ. 'ತಮ್ಮನ ಓದಿಗೆ ದುಡ್ಡು ಬೇಕು, ಮನೆಗೋಸ್ಕರ ನೀನು ತ್ಯಾಗ ಮಾಡು, ಇಲ್ಲೇ ಡಿಗ್ರಿ ಸೇರು' ಅಂತ ಮನೆಯವರೆಲ್ಲ ಒತ್ತಾಯ ಮಾಡ್ತಿದ್ದಾರೆ. ನಾನೂ ಮದುವೆಯಾದ ಮೇಲೆ ಶಾಲೆ ಕೆಲಸ ಬಿಟ್ಟವಳೇ. ನಿಜವಾದ ತ್ಯಾಗ ಯಾವುದು? ಆಗಲ್ಲ ಅನ್ನೋದು ಸ್ವಾರ್ಥವಾ? (ಪತ್ರವನ್ನು ಚಿಕ್ಕದು ಮಾಡಲಾಗಿದೆ.)

ಉತ್ತರ: ನಿಮ್ಮ ಮನೆಯಲ್ಲಿ ಈಗ ಎರಡು ಜಗಳ ನಡೆಯುತ್ತಿವೆ. ಒಂದು ಮರಿಯದು, ಇನ್ನೊಂದು ಮಗಳದು. ಎರಡಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು, ಆದರೆ ಇದೆ. ಜಾತ್ರೆಗೆ ದಿನ ಗೊತ್ತಾಗಿರುವುದರಿಂದ ಮರಿಯಿಂದಲೇ ಶುರು ಮಾಡುತ್ತೇನೆ. ಅದರಲ್ಲೂ ಮೊದಲು ಕಾನೂನು, ಏಕೆಂದರೆ ಅಲ್ಲಿ ತಪ್ಪಿದರೆ ಉಳಿದ ಮಾತಿಗೆ ಪುರುಸೊತ್ತೇ ಇರುವುದಿಲ್ಲ.

ಕೇಸಾಗುತ್ತದೆ ಎಂದವರು ಸರಿಯಾಗಿಯೇ ಹೇಳಿದ್ದಾರೆ. ಪ್ರಾಣಿ ಬಲಿಯನ್ನು ತಡೆಯುವ 1959ರ ಕಾಯ್ದೆ ನಮ್ಮ ರಾಜ್ಯದಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಸಾರ್ವಜನಿಕ ಪೂಜಾ ಸ್ಥಳದಲ್ಲಾಗಲಿ, ಅದರ ಆವರಣದಲ್ಲಾಗಲಿ, ಬೀದಿಯಲ್ಲಿ ದೇವರ ಹೆಸರಲ್ಲಿ ಜನ ಸೇರಿದಾಗ ಅಥವಾ ಮೆರವಣಿಗೆ ಹೊರಟಾಗ ಆಗಲಿ ಬಲಿ ಕೊಡುವಂತಿಲ್ಲ. ಕೋಳಿಗೂ ಇದು ಅನ್ವಯಿಸುತ್ತದೆ. ಮಚ್ಚು ಹಿಡಿದವನೊಬ್ಬನೇ ಅಲ್ಲ, ಬಲಿಪೂಜೆ ನಡೆಸಿಕೊಟ್ಟವನು, ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವನು ಕೂಡ ಸಿಕ್ಕಿಬೀಳುತ್ತಾನೆ. 'ಗುಡಿ ಕಾಂಪೌಂಡಿನ ಆಚೆ ಹತ್ತು ಹೆಜ್ಜೆ ಬಂದು ಕಡಿದರೆ ಆಯ್ತು' ಎನ್ನುವುದು ಜಾತ್ರೆಗಳಲ್ಲಿ ಓಡಾಡುವ ಮಾತು. ಅದನ್ನು ನಂಬಬೇಡಿ. ಗುಡಿ ಸುತ್ತಲ ಜಾಗವನ್ನೂ ಆವರಣವೆಂದೇ ನೋಡುತ್ತಾರೆ.

ಇನ್ನೊಂದು ವಾದ ವಾಟ್ಸಾಪಿನಲ್ಲಿ ಬರುತ್ತದೆ: 1960ರ ಕೇಂದ್ರ ಕಾಯ್ದೆಯ 28ನೇ ಸೆಕ್ಷನ್ ಧಾರ್ಮಿಕ ವಧೆಗೆ ಅನುಮತಿ ಕೊಟ್ಟಿದೆಯಲ್ಲ ಎಂದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಆ ಕಾಯ್ದೆಯಡಿ ಅದು ಅಪರಾಧವಾಗುವುದಿಲ್ಲ ಎಂದಷ್ಟೇ ಆ ಸೆಕ್ಷನ್ ಹೇಳುವುದು. ಬೇರೆ ಕಾಯ್ದೆ ತಡೆದಿದ್ದನ್ನು ಅದು ಬಿಡಿಸಿಕೊಡುವುದಿಲ್ಲ. ಕೋಣದ ಮಾತು ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ. ಬಲಿ ಕಾಯ್ದೆಯ ಜೊತೆಗೆ 2020ರ ಜಾನುವಾರು ಹತ್ಯೆ ಕಾಯ್ದೆಯೂ ಮೈಮೇಲೆ ಬರುತ್ತದೆ, ಅದರಲ್ಲಿ ಹದಿಮೂರು ವರ್ಷ ತುಂಬದ ಎಮ್ಮೆ ಕೋಣಗಳೂ ಸೇರಿವೆ. ಬಾಯಿಗೆ ಸರಳು ಚುಚ್ಚುವ ಬಾಯಿಬೀಗ, ಮೈಗೆ ಕೊಕ್ಕೆ ಚುಚ್ಚುವ ಸಿಡಿಯಂತಹ ಹರಕೆಗಳನ್ನು 2017ರ ಮೌಢ್ಯ ತಡೆ ಕಾಯ್ದೆ ನಿಷೇಧಿಸಿದೆ.

ಹಾಗಾದರೆ ಮನೆಯಲ್ಲಿ ಮಾಂಸದೂಟ ಮಾಡಿದರೆ? ಬಲಿ ತಡೆಯುವ ಕಾಯ್ದೆ ನಿಮ್ಮ ಅಡುಗೆಮನೆಗೆ ಬರುವುದಿಲ್ಲ. ಗುಡಿಯಲ್ಲಿ ಹಣ್ಣುಕಾಯಿ ಪೂಜೆ, ಮನೆಯಲ್ಲಿ ನೆಂಟರಿಗೆ ಊಟ ಎಂದು ಎರಡನ್ನೂ ಬೇರೆ ಮಾಡಿಕೊಂಡ ಊರುಗಳು ನಮ್ಮ ಕಡೆ ಬೇಕಾದಷ್ಟಿವೆ. ಮಧುಗಿರಿ ಪಟ್ಟಣದ ಒಳಗಾದರೆ ಕಸಾಯಿಖಾನೆಯ ನಿಯಮ ಪ್ರತ್ಯೇಕ ಇದೆ, ಪುರಸಭೆಯಲ್ಲಿ ವಿಚಾರಿಸಿಕೊಳ್ಳಿ.

ಈಗ ಮೈದುನನ ಲೆಕ್ಕ. ಹರಕೆ ಇದ್ದದ್ದು ಒಂದು ಮರಿಗೆ, ಮೂರು ಎಲ್ಲಿಂದ ಬಂತು? ಇಪ್ಪತ್ತೈದು ಕೆ.ಜಿ. ತೂಗುವ ಹೋತ ಕಡಿದರೆ ಸಿಗುವ ಮಾಂಸ ಅರ್ಧಕ್ಕೂ ಸ್ವಲ್ಪ ಕಡಿಮೆ, ಹನ್ನೆರಡು ಕೆ.ಜಿ. ಎಂದುಕೊಳ್ಳಿ. ಎಲೆಗೆ ನೂರಿಪ್ಪತ್ತು ಗ್ರಾಂ ಬಡಿಸಿದರೂ ನೂರು ಎಲೆಗೆ ಮುಗಿಯಿತು. ಮುನ್ನೂರು ಜನಕ್ಕೆ ಮೂರು ಮರಿ ಆ ಲೆಕ್ಕದಿಂದ ಹುಟ್ಟಿದ್ದು. ಅಂದರೆ ಎರಡು ಮರಿ ಮಾರಮ್ಮನಿಗಲ್ಲ, ನೆಂಟರ ಪಟ್ಟಿಗೆ. ನೆಂಟರಿಗೆ ಊಟ ಹಾಕುವುದು ತಪ್ಪಲ್ಲ. ಆದರೆ ಅದನ್ನು ಹರಕೆಯ ಖಾತೆಗೆ ಬರೆಯಬೇಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ತಂದರೆ ವರ್ಷಕ್ಕೆ ಬಡ್ಡಿಯೇ 36,000. ಆ ದುಡ್ಡು ಕಟ್ಟುವವರು ಯಾರು, ಯಾವ ಖರ್ಚು ಕಡಿತವಾಗುತ್ತದೆ ಎಂದು ಮೈದುನನನ್ನು ಕೂರಿಸಿಕೊಂಡು ಕೇಳಿ. ಕಡಿತವಾಗುವುದು ನಿಮ್ಮ ಮಗಳ ಫೀಸು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

'ಅವರು ಬಕ್ರೀದಿಗೆ ಕಡಿಯಬಹುದು, ನಾವು ಮಾತ್ರ ಕಡಿಯಬಾರದಾ' ಎಂಬ ಮಾತು ಊರಲ್ಲಿ ಬಂದೇ ಬರುತ್ತದೆ. ಜಾನುವಾರು ಕಾಯ್ದೆ, ಪಟ್ಟಣದ ಕಸಾಯಿಖಾನೆ ನಿಯಮ ಎಲ್ಲರಿಗೂ ಒಂದೇ. ಇನ್ನು ಖುರ್ಬಾನಿಯ ಒಳಗಿನ ಕಟ್ಟಳೆ ನೋಡಿದರೆ ಅದು ಮೈದುನನಿಗೆ ಅನುಕೂಲವಾಗಿಲ್ಲ. ನಮ್ಮ ಕಡೆ ಹೆಚ್ಚಿನ ಮುಸ್ಲಿಮರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಇಂತಿಷ್ಟು ಆಸ್ತಿ ಇದ್ದವರಿಗೆ ಮಾತ್ರ ಅದು ಕಡ್ಡಾಯ, ಇಲ್ಲದವರು ಸಾಲ ಮಾಡಿ ಕೊಡಬೇಕಿಲ್ಲ. ಮಾಂಸವನ್ನು ಮನೆಗೆ, ಬಂಧುಗಳಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವುದು ರೂಢಿ. ಪ್ರಾಣಿಯ ಮಾಂಸವೂ ರಕ್ತವೂ ದೇವರನ್ನು ಮುಟ್ಟುವುದಿಲ್ಲ, ಮುಟ್ಟುವುದು ನಿಮ್ಮ ಭಕ್ತಿ ಎಂಬ ಮಾತು ಕುರಾನಿನಲ್ಲೇ ಇದೆ (22ನೇ ಅಧ್ಯಾಯ, 37ನೇ ವಚನ).

ನಿಮ್ಮ ಅತ್ತೆಯವರ ಭಯಕ್ಕೆ ಬರೋಣ. ಅದನ್ನು ಹಗುರವಾಗಿ ನೋಡಬೇಡಿ, ಮಗಳಿಗೂ ಹೇಳಿ. ಮಾರಮ್ಮ ನಮ್ಮ ಬಯಲುಸೀಮೆಯಲ್ಲಿ ಸಿಡುಬು, ಕಾಲರಾ, ಪ್ಲೇಗಿನ ಕಾಲದಲ್ಲಿ ಊರು ಕಾಯ್ದ ದೇವತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗಮ್ಮನ ಗುಡಿಗಳೇ ಎದ್ದವು. ವೈದ್ಯರೂ ಕೈಚೆಲ್ಲಿದ್ದ 2021ರ ಮೇ ತಿಂಗಳಲ್ಲಿ ಆಸ್ಪತ್ರೆಯ ಬಾಗಿಲೊಳಗೆ ಬಿಡದ ಒಬ್ಬ ತಾಯಿ ತನ್ನ ಕೈಲಾದದ್ದನ್ನು ಮಾಡಿದಳು. ಅದು ವ್ಯಾಪಾರವಲ್ಲ, ಏನೂ ಮಾಡಲಾಗದೆ ಕೂರುವುದಕ್ಕಿಂತ ಏನಾದರೂ ಕೊಡುತ್ತೇನೆ ಎನ್ನುವ ತವಕ. ಹರಕೆ ಹೊತ್ತ ಮನಸ್ಸಿಗೆ ಅದು ಸಾಲದಂತೆ ಉಳಿದಿರುತ್ತದೆ, ಮುಂದೆ ಬಂದ ಪ್ರತಿ ಕಷ್ಟವೂ ಬಡ್ಡಿಯಂತೆ ಕಾಣುತ್ತದೆ. ಹರಕೆ ತೀರಿಸದ ಮೇಲೆ ನಿಮ್ಮ ಮನೆಗೆ ಬಂದ ಒಳ್ಳೆಯದನ್ನೂ ಪಟ್ಟಿ ಮಾಡಲು ಕೇಳಿ: ಮಗಳು ಪಿಯುಸಿ ಪಾಸಾದದ್ದು, ನಿಮ್ಮ ಯಜಮಾನರು ಕೆಲಸಕ್ಕೆ ಮರಳಿದ್ದು. ಅದನ್ನು ಯಾರೂ ಎಣಿಸಿರುವುದಿಲ್ಲ.

ಬೋರ್‌ವೆಲ್ ಬತ್ತಲು ಮಾರಮ್ಮ ಬೇಕಿಲ್ಲ, ಸುತ್ತಲಿನ ಹತ್ತು ಬೋರ್‌ವೆಲ್ ಸಾಕು. ಹಸುವಿನ ವಿಷಯ ಮಾತ್ರ ನಾನು ಬೇಗ ದಾಟುವುದಿಲ್ಲ, ಏಕೆಂದರೆ ಹರಕೆಯ ಮೇಲೆ ಹೊರೆ ಹೊರಿಸಿ ಕೂತರೆ ಇಲ್ಲಿ ಅಪಾಯವಿದೆ. ಆರು ತಿಂಗಳು ದಾಟಿದ ಮೇಲೆ ಹಸು ಕಂದು ಹಾಕಿದರೆ ಪಶುವೈದ್ಯರು ಮೊದಲು ಅನುಮಾನಿಸುವುದು ಬ್ರುಸೆಲ್ಲಾ ರೋಗವನ್ನು. ಅದು ಮನುಷ್ಯರಿಗೂ ಹರಡುತ್ತದೆ: ಹಸಿ ಹಾಲಿನಿಂದ, ಸತ್ತ ಕರುವನ್ನೂ ಮಾಸನ್ನೂ ಬರಿಗೈಲಿ ಎತ್ತಿದ್ದರಿಂದ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ರಾತ್ರಿ ಬೆವರು ಇದರ ಲಕ್ಷಣ. ಪಶು ಆಸ್ಪತ್ರೆಯಲ್ಲಿ ರಕ್ತದ ಪರೀಕ್ಷೆ ಮಾಡಿಸಿ. ಹಾಲು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ಹೆಣ್ಣುಕರು ಇದ್ದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಬೇಕು, ಆ ವಯಸ್ಸು ದಾಟಿದರೆ ಹಾಕುವುದಿಲ್ಲ. ಕರು ಎತ್ತಿದವರಿಗೆ ಅಂಥ ಜ್ವರ ಕಾಣಿಸಿಕೊಂಡಿದ್ದರೆ ವೈದ್ಯರಿಗೆ ಹಸುವಿನ ವಿಷಯ ತಪ್ಪದೆ ಹೇಳಿ.

ಮುಂದಿನದು ಅತ್ತೆಯವರ ಗಟ್ಟಿ ಪ್ರಶ್ನೆ: ಮರಿ ಅಂದು ಬೇರೆ ಏನೋ ಕೊಟ್ಟರೆ ಮೋಸವಲ್ಲವೇ?

ಬಲಿಯ ಇತಿಹಾಸವೆಂದರೆ ಬಹುಪಾಲು ಬದಲಿ ಕೊಟ್ಟ ಇತಿಹಾಸವೇ. ಯಜ್ಞವಿಧಿಗಳನ್ನು ವಿವರಿಸುವ ವೇದಗ್ರಂಥ ಶತಪಥ ಬ್ರಾಹ್ಮಣದಲ್ಲಿ ಒಂದು ಕಥೆಯಿದೆ. ಬಲಿಗೆ ಯೋಗ್ಯವಾದ ಸತ್ವ ಮೊದಲು ಮನುಷ್ಯನಲ್ಲಿತ್ತಂತೆ. ಅಲ್ಲಿಂದ ಕುದುರೆಗೆ, ಎತ್ತಿಗೆ, ಕುರಿಗೆ, ಮೇಕೆಗೆ ಸರಿಯಿತು, ಕೊನೆಗೆ ಭೂಮಿಗಿಳಿದು ಭತ್ತ, ಜವೆಗೋಧಿಯಲ್ಲಿ ಸೇರಿತು. ಆದ್ದರಿಂದ ಹಿಟ್ಟಿನ ಪುರೋಡಾಶ (ಯಜ್ಞದ ರೊಟ್ಟಿ) ಕೊಟ್ಟರೆ ಪಶುವನ್ನೇ ಕೊಟ್ಟಂತೆ ಎನ್ನುತ್ತದೆ ಆ ಗ್ರಂಥ. ಅದೇ ಕಾಲದ ಸೋಮಯಾಗಗಳಲ್ಲಿ ಮೇಕೆಯ ಬಲಿಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಪ್ರಾಣಿಬಲಿ ಓದುಬರಹ ಇಲ್ಲದವರ ಆಚಾರ, ಕೆಳಜಾತಿಯವರ ಆಚಾರ ಎಂದು ನಿಮ್ಮ ಮಗಳು ಎಲ್ಲೋ ಓದಿಕೊಂಡಿದ್ದರೆ ಇದನ್ನೂ ಓದಲಿ. ಮುಂದೆ 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ಬಳಸಬೇಕೆಂದರು. ಯೆಹೂದ್ಯರಂತೂ ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಬಲಿಯನ್ನೇ ನಿಲ್ಲಿಸಿ ಪ್ರಾರ್ಥನೆಯನ್ನು ಅದರ ಸ್ಥಾನಕ್ಕೆ ತಂದುಕೊಂಡರು.

ಅಷ್ಟು ದೂರ ಹೋಗುವುದೂ ಬೇಡ, ಪಕ್ಕದ ಕೋಲಾರವಿದೆ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹೆಂಗಸರು ಬಲಗೈಯ ಉಂಗುರ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಕೊಡುವ ಪದ್ಧತಿ ಇತ್ತು. ಮಗಳಿಗೆ ಕಿವಿ ಚುಚ್ಚಿಸುವ ಮುನ್ನ ತಾಯಿ ಕೈಯನ್ನು ಮರದ ಮೇಲಿಟ್ಟರೆ ಉಳಿಯಿಂದ ಒಂದೇ ಏಟು. ಸೀತಿ ಬೆಟ್ಟದ ಭೈರವನ ಸನ್ನಿಧಿಯ ಜೊತೆ ಸೇರಿಕೊಂಡಿರುವ ಈ ಪದ್ಧತಿಯ ವಿವರ ಹಳೆಯ ಮೈಸೂರು ಗೆಜೆಟಿಯರಿನಲ್ಲಿದೆ. ಅದರ ಹಿಂದಿನ ಕಥೆ ಹೀಗೆ: ರಾಕ್ಷಸನಿಂದ ತಪ್ಪಿಸಿಕೊಂಡ ಶಿವ ಹೊಲದಲ್ಲಿ ಅಡಗಿದ. ಎಲ್ಲಿ ಎಂದು ರಾಕ್ಷಸ ಕೇಳಿದಾಗ ಉಳುತ್ತಿದ್ದ ರೈತ ಹೆದರಿ ಬೆರಳು ತೋರಿಸಿದ. ಕಂಟಕ ಕಳೆದ ಮೇಲೆ ಶಿವ ಆ ಬೆರಳನ್ನು ಕತ್ತರಿಸಲು ಬಂದ. ಗಂಡನ ಬೆರಳು ಹೋದರೆ ಉಳುವವರು ಯಾರು, ನನ್ನದನ್ನು ತೆಗೆದುಕೋ ಎಂದು ಹೆಂಡತಿ ಕೈ ಚಾಚಿದಳು. ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿದ ಮೇಲೆ ಹೆಂಗಸರು ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕವಚ ತೊಟ್ಟು, ಬೆರಳಿನ ಬದಲು ಅದನ್ನೇ ಕಳಚಿ ಕೊಡಲು ತೊಡಗಿದರು. ಭೈರವ ಮುನಿದು ಸೀಮೆ ಹಾಳಾಯಿತೆಂದು ಯಾರೂ ಬರೆದಿಲ್ಲ. ಬೆರಳಿಗೆ ಕವಚ ಆಗುವುದಾದರೆ ಮರಿಗೆ ಬೇರೊಂದು ಆಗದೇ?

ಈ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ, ಮಗಳ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ. ಕೈ ಚಾಚಿದ ಮೊದಲ ಹೆಂಡತಿ ತಾನಾಗಿ ಚಾಚಿದಳು. ಅವಳ ಮಗಳನ್ನು, ಮೊಮ್ಮಗಳನ್ನು, ಹತ್ತು ತಲೆಮಾರಿನ ಸೊಸೆಯರನ್ನು ಯಾರೂ ಕೇಳಲಿಲ್ಲ.

ಬದಲಿಗೆ ವಿರೋಧವೂ ನಮ್ಮ ಕನ್ನಡದಲ್ಲೇ ಇದೆ, ಅದನ್ನೂ ಹೇಳಬೇಕು. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ರಾಜ ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ರಾಜ, ಅವನ ತಾಯಿ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಜೈನರ ಈ ಆಕ್ಷೇಪ ನನಗೆ ತೂಕದ್ದು ಅನ್ನಿಸುತ್ತದೆ. ಕುಂಬಳಕಾಯಿಗೆ ಕುಂಕುಮ ತುಂಬಿ ರಕ್ತದಂತೆ ಚೆಲ್ಲಾಡುವುದಕ್ಕಿಂತ ಕೊಲೆಯ ನೆನಪೇ ಇಲ್ಲದ ಕಾಣಿಕೆ ಒಳ್ಳೆಯದು. ಅಂಥದ್ದು ಮಾರಮ್ಮನಿಗೆ ಹೊಸದಲ್ಲ: ತಂಬಿಟ್ಟಿನ ಆರತಿ. ನಿಮ್ಮ ಅತ್ತೆಗೆ ಅದನ್ನು ಯಾರೂ ಕಲಿಸಬೇಕಿಲ್ಲ, ಆದರೆ ಮಗಳಿಗೆ ಗೊತ್ತಿರಲಿಕ್ಕಿಲ್ಲ. ಒಂದು ಕೆ.ಜಿ. ಅಕ್ಕಿ ನೆನೆಸಿ, ಬಸಿದು, ನೆರಳಲ್ಲಿ ಆರಿಸಿ, ಪಸೆ ಇರುವಾಗಲೇ ಹಿಟ್ಟು ಮಾಡಿಸಬೇಕು. ಪೂರಾ ಒಣಗಿದ ಅಕ್ಕಿಯ ಹಿಟ್ಟು ಕಟ್ಟುವುದಿಲ್ಲ, ಬಿರುಕು ಬಿಡುತ್ತದೆ. ಮುಕ್ಕಾಲು ಕೆ.ಜಿ. ಬೆಲ್ಲ, ಏಲಕ್ಕಿ, ಕೊಬ್ಬರಿ ತುರಿ ಸೇರಿಸಿ ಕುಟ್ಟಿದರೆ ಬೆಲ್ಲದ ಪಸೆಗೇ ಮುದ್ದೆಯಾಗುತ್ತದೆ. ನೀರು ಹಾಕಿದರೆ ಗೋಪುರದಂತೆ ಕಟ್ಟಿದ ಮುದ್ದೆ ಕುಸಿಯುತ್ತದೆ. ನೆತ್ತಿಯಲ್ಲಿ ಹೆಬ್ಬೆರಳು ಒತ್ತಿ ಗುಳಿ ಮಾಡಿ ತುಪ್ಪದ ಬತ್ತಿ ಇಡಬೇಕು. ಗುಳಿ ಆಳ ಇಲ್ಲದಿದ್ದರೆ ಮೆರವಣಿಗೆ ಗುಡಿ ಮುಟ್ಟುವ ಮುಂಚೆ ತುಪ್ಪ ಸೋರಿ ದೀಪ ಆರಿಹೋಗುತ್ತದೆ.

ಬದಲಾಯಿಸುವುದಕ್ಕೂ ಒಂದು ಕ್ರಮ ಬೇಕು. ಇಲ್ಲದಿದ್ದರೆ ಅತ್ತೆಯವರ ಮನಸ್ಸಿನಲ್ಲಿ ಹರಕೆ ತೀರುವುದೇ ಇಲ್ಲ, ಮುಂದಿನ ಜ್ವರಕ್ಕೆ ಮತ್ತೆ ಎದ್ದು ಕೂರುತ್ತದೆ. ಹರಕೆ ಹೊತ್ತವರು ಅವರು, ಬದಲಾಯಿಸುವ ಮಾತೂ ಅವರ ಬಾಯಿಂದಲೇ ಬರಬೇಕು. ನೀವೋ ಮೈದುನನೋ ತೀರ್ಮಾನ ಮಾಡಿ ಹೇಳುವಂಥದ್ದಲ್ಲ. ಜಾತ್ರೆಗೆ ಎರಡು ಮೂರು ವಾರ ಮೊದಲೇ ಒಂದು ಮಂಗಳವಾರವೋ ಶುಕ್ರವಾರವೋ ಪೂಜಾರಿಯನ್ನು ಕಂಡು ಮಾತಾಡಿಸಿ. ಕಾಯ್ದೆಯ ಭಯ ಪೂಜಾರಿಗೂ ಇರುವುದರಿಂದ ಸಾಮಾನ್ಯವಾಗಿ ಅವರೇ ದಾರಿ ಹೇಳುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು, ತಡವಾದದ್ದಕ್ಕೆ ತಪ್ಪು ಕಾಣಿಕೆ ಹಾಕಿ, ಮರಿಯ ಬದಲು ಇದನ್ನು ಒಪ್ಪಿಸಿಕೋ ತಾಯಿ ಎಂದು ಅತ್ತೆಯವರು ಅಮ್ಮನ ಮುಂದೆ ಬಾಯಿಬಿಟ್ಟು ಹೇಳಲಿ. ಹೂ ಕೇಳುವ ರೂಢಿ ನಿಮ್ಮ ಗುಡಿಯಲ್ಲಿದ್ದರೆ ಕೇಳಬಹುದು, ಆದರೆ ನಾನು ಅದನ್ನು ಮೊದಲ ಸಲಹೆಯಾಗಿ ಕೊಡುವುದಿಲ್ಲ. ಹೂ ಎಡಕ್ಕೆ ಬಿದ್ದರೆ ಮಾಡುವುದೇನು ಎಂದು ಮೊದಲೇ ಯೋಚಿಸಿರಬೇಕು. ಜಾತ್ರೆಯ ದಿನ ಮಡಿಲು ತುಂಬಿ: ಸೀರೆ, ರವಿಕೆ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಬಳೆ, ಅರಿಶಿನ ಕುಂಕುಮ. ಜೊತೆಗೆ ತಂಬಿಟ್ಟಿನ ಆರತಿ. ಒಂದು ಮರಿಯ ಬೆಲೆಗೆ ಸಮನಾದ ದುಡ್ಡನ್ನು ಗುಡಿಯ ಅನ್ನದಾನಕ್ಕೆ ಕೊಟ್ಟರೆ ಕಡಿಮೆ ಕೊಟ್ಟೆವೆಂಬ ಅನುಮಾನವೂ ಉಳಿಯುವುದಿಲ್ಲ. ರಸೀದಿ ಕೇಳಿ ಪಡೆಯಿರಿ.

ಮರಿಯನ್ನು ಕೊಂದೇನು ಫಲ, ಜೀವಂತವಾಗಿ ದೇವರ ಹೆಸರಲ್ಲಿ ಬಿಟ್ಟರಾಯಿತು ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆಂದ. ಆಗುವುದೇನೆಂದರೆ, ಬಿಟ್ಟ ಮರಿ ಊರವರ ರಾಗಿ ಹೊಲ ಮೇಯುತ್ತದೆ, ನಾಯಿ ಹಿಡಿಯುತ್ತದೆ, ಇಲ್ಲವೇ ರಾತ್ರೋರಾತ್ರಿ ಕಾಣೆಯಾಗುತ್ತದೆ. ಗುಡಿಯಲ್ಲಿ ಹರಾಜಾದರೆ ಬಹುಪಾಲು ಕೊಳ್ಳುವವರು ಮಾಂಸದ ವ್ಯಾಪಾರಿಗಳೇ. ಮರಿ ಉಳಿಯಬೇಕು ಎಂಬುದೇ ಉದ್ದೇಶವಾದರೆ ಹೆಣ್ಣುಮರಿ ಕೊಂಡು ಊರಿನ ಬಡ ಮನೆಯೊಂದಕ್ಕೆ ಸಾಕಲು ಕೊಡಿ. ಕೊಡುವ ಮುನ್ನ ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಲಸಿಕೆ ಹಾಕಿಸಿ.

ಇಷ್ಟೆಲ್ಲ ಆದಮೇಲೂ ಅತ್ತೆಯವರು ಒಪ್ಪದಿರಬಹುದು. ಎಪ್ಪತ್ತರ ವಯಸ್ಸಿನಲ್ಲಿ ನಂಬಿಕೆ ಬದಲಾಯಿಸು ಎಂದು ಹಟ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗುಡಿಯಲ್ಲಿ ಆರತಿ, ಮನೆಯಲ್ಲಿ ಮನೆಯವರಿಗಷ್ಟೇ ಒಂದು ಮರಿಯ ಅಡುಗೆ, ಸಾಲವಿಲ್ಲ ಎನ್ನುವುದಕ್ಕೆ ರಾಜಿಯಾಗಿ. ಮಗಳು ಅವತ್ತು ತಿನ್ನದೇ ಇದ್ದರೆ ಬಲವಂತ ಬೇಡ, ಆದರೆ ಆರತಿ ಹೊತ್ತು ಅಜ್ಜಿಯ ಜೊತೆ ನಡೆಯಲಿ.

ಇನ್ನು ಮಗಳ ವಿಷಯ. ನಿಜವಾದ ತ್ಯಾಗ ಯಾವುದು ಎಂದು ಕೇಳಿದ್ದೀರಿ. ಯಜ್ಞದ ಲೆಕ್ಕಾಚಾರವನ್ನು ಕೂದಲು ಸೀಳಿ ಚರ್ಚಿಸಿದವರು ಮೀಮಾಂಸಕರು. ಅವರ ಪ್ರಕಾರ ಯಾಗಕ್ಕೆ ಬೇಕಾದದ್ದು ಮೂರು: ಕೊಡುವ ದ್ರವ್ಯ, ಪಡೆಯುವ ದೇವತೆ, ಬಿಟ್ಟುಕೊಡುವ ಕ್ರಿಯೆ. ಆಹುತಿ ಬೀಳುವಾಗ ಯಜಮಾನ 'ಇದಂ ನ ಮಮ', ಇದು ಇನ್ನು ನನ್ನದಲ್ಲ ಎನ್ನುತ್ತಾನೆ. ಹಾಗೆ ಹೇಳಬೇಕಾದರೆ ಅದು ಮೊದಲು ಅವನದಾಗಿರಬೇಕು. ವಿಶ್ವಜಿತ್ ಎಂಬ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಬೇಕು. ಹಾಗಾದರೆ ತಂದೆ ತಾಯಿಯನ್ನೂ ಕೊಡಬಹುದೇ ಎಂಬ ಪ್ರಶ್ನೆ ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳ ಆರನೇ ಅಧ್ಯಾಯದಲ್ಲಿ ಏಳುತ್ತದೆ. ಉತ್ತರ ಇಲ್ಲ ಎಂದೇ. ಅವರು 'ನನ್ನವರು' ನಿಜ, ಆದರೆ ನನ್ನ ಒಡೆತನದ ಸ್ವತ್ತಲ್ಲ. ಚಕ್ರವರ್ತಿಯಾದರೂ ಭೂಮಿಯನ್ನೆಲ್ಲ ದಾನ ಕೊಡಲಾರ, ಅದು ಎಲ್ಲರದು. ಕಠೋಪನಿಷತ್ತಿನ ನಚಿಕೇತನ ಅಪ್ಪ ಮಾಡಿದ್ದು ಇದೇ ಯಾಗ. ಹಾಲು ಬತ್ತಿದ, ಹುಲ್ಲು ತಿನ್ನಲಾರದ ಮುದಿ ಹಸುಗಳನ್ನು ದಾನಕ್ಕೆ ಹೊಡೆದ, ಮಗ ತಡೆದು ಕೇಳಿದ್ದಕ್ಕೆ ಸಿಟ್ಟಿಗೆದ್ದು ನಿನ್ನನ್ನು ಯಮನಿಗೆ ಕೊಟ್ಟೆ ಎಂದ.

ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ ಇನ್ನೂ ಕಟುವಾಗಿದೆ. ಹರಿಶ್ಚಂದ್ರ ವರುಣನಿಗೆ ಸ್ವಂತ ಮಗನನ್ನು ಕೊಡುವ ಹರಕೆ ಹೊತ್ತಿದ್ದ. ಮಗ ಸಿಗಲಿಲ್ಲವೆಂದು ಬಡ ಬ್ರಾಹ್ಮಣನ ಮಗನನ್ನು ನೂರು ಹಸುವಿಗೆ ಕೊಂಡರು. ಹಿರಿಯ ಮಗನನ್ನು ಅಪ್ಪ ಬಿಡಲಿಲ್ಲ, ಕಿರಿಯವನನ್ನು ಅಮ್ಮ ಬಿಡಲಿಲ್ಲ, ನಡುವಿನವನು ಸಿಕ್ಕಿಬಿದ್ದ. ನಮ್ಮ ಜನಪದರ ಕೆರೆಗೆ ಹಾರದ ಹಾಡಿನಲ್ಲೂ ಇದೇ ಆಗುತ್ತದೆ. ನೀರು ಬರಿಸಲು ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಕುಂದು ಎಂದು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಎರಡೂ ಕಡೆ ಆಯ್ಕೆಯಾದದ್ದು ಆರಿಸುವವರಿಗೆ ಕಡಿಮೆ ನಷ್ಟ ತರುವ ಜೀವ. ಹೆತ್ತವರ ಹರಕೆಗೆ ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಬಿಡುವ ಪದ್ಧತಿಯೂ ಹೀಗೇ ನಡೆಯಿತು. ಅದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆಯೇ ಬೇಕಾಯಿತು.

ನಿಮ್ಮ ಮನೆಯಲ್ಲಿ ಎರಡು ಮಕ್ಕಳ ಓದು ಎದುರಾದಾಗ ಅಕ್ಕನ ಓದೇ ಏಕೆ ಮೊದಲು ನೆನಪಾಯಿತು ಎಂದು ಕೇಳಿಕೊಳ್ಳಿ. ಕಾರಣ ದುಡ್ಡಿನ ಲೆಕ್ಕವೇ ಆಗಿದ್ದರೆ ಕಾಗದದ ಮೇಲೆ ಬರುತ್ತದೆ. ಬರದಿದ್ದರೆ ಕಾರಣ ಬೇರೆ.

ಸಮಾಜವೂ ಇದನ್ನೇ ಮಾಡುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದವರ ಎದೆಗೂಡಿಗೆ ಕಲ್ಲಿನ ಧೂಳು ಸೇರಿ ಸಿಲಿಕೋಸಿಸ್ ಬಂತು, ಬಂಡೆ ಸಿಡಿದು ಎಷ್ಟೋ ಜನ ಸತ್ತರು. 2001ರಲ್ಲಿ ಗಣಿ ಮುಚ್ಚಿತು. ಅವರು ದೇಶಕ್ಕಾಗಿ ತ್ಯಾಗ ಮಾಡಿದರು ಎಂದು ಭಾಷಣ ಮಾಡುವುದು ಸುಲಭ, ಆದರೆ ಅವರು ಇಳಿದದ್ದು ಕೂಲಿಗೆ, ಶ್ವಾಸಕೋಶ ಕೊಡುತ್ತೀರಾ ಎಂದು ಯಾರೂ ಕೇಳಿರಲಿಲ್ಲ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಸಿಕ್ಕವರ ಕಥೆ ಬೇರೆ. ನಿಷೇಧವಿದೆ ಎಂದು ಗೊತ್ತಿದ್ದೂ ಬಾವುಟ ಹಾರಿಸಲು ಸೇರಿದ್ದರು. ಸಾಯಲೆಂದು ಬಂದವರಲ್ಲ, ಆದರೆ ಅಪಾಯಕ್ಕೆ ಎದೆಯೊಡ್ಡುವ ತೀರ್ಮಾನ ಅವರದೇ ಆಗಿತ್ತು. ಅವರನ್ನು ಹುತಾತ್ಮರು ಎನ್ನಲು ಹಿಂಜರಿಯಬೇಕಿಲ್ಲ. ಗಣಿಯವರಿಗೆ ಸಲ್ಲಬೇಕಾದದ್ದು ಪರಿಹಾರ ಮತ್ತು ಚಿಕಿತ್ಸೆ.

ಆಗಲ್ಲ ಎನ್ನುವುದು ಸ್ವಾರ್ಥವಲ್ಲ. ಗೀತೆಯ ಹದಿನೆಂಟನೇ ಅಧ್ಯಾಯ ಬಿಟ್ಟದ್ದೆಲ್ಲ ಒಳ್ಳೆಯದು ಎನ್ನುವುದಿಲ್ಲ. ಮಾಡಬೇಕಾದ ಕರ್ಮವನ್ನು ಮೋಹದಿಂದ ಬಿಟ್ಟರೆ ತಾಮಸ, ಕಷ್ಟಕ್ಕೆ ಹೆದರಿ ಬಿಟ್ಟರೆ ರಾಜಸ, ಅದರ ಫಲವೂ ಸಿಗದು ಎನ್ನುತ್ತದೆ. ನೀವು ಶಾಲೆಯ ಕೆಲಸ ಬಿಟ್ಟದ್ದು ಇದರಲ್ಲಿ ಯಾವುದು ಎಂದು ನಾನು ಹೇಳಲಾರೆ. ತಿಳಿಯಲು ಒಂದು ಸುಳಿವಿದೆ: ಅವತ್ತು ಬೇಡ ಎನ್ನುವ ಅವಕಾಶ ನಿಮಗಿತ್ತೇ? ಇದ್ದೂ ಬಿಟ್ಟಿದ್ದರೆ ಅದು ನಿಮ್ಮದೇ ತೀರ್ಮಾನ, ಅದಕ್ಕೆ ಕೊರಗಬೇಡಿ. ಇರಲಿಲ್ಲವಾದರೆ ಮಗಳಿಗೆ ಆ ಅವಕಾಶವನ್ನು ಉಳಿಸಿಕೊಡಿ. ಅವಳೇ ಯೋಚಿಸಿ, ತಮ್ಮ ಓದಲಿ ಎಂದು ಮನಃಪೂರ್ವಕ ಹೇಳಿದರೆ ಅದನ್ನು ಗೌರವಿಸಬೇಕು, ಆದರೆ ಹದಿನೆಂಟರ ಹುಡುಗಿ ಮನೆಮಂದಿಯೆಲ್ಲ ಸುತ್ತ ಕೂತಿರುವಾಗ ಹೇಳಿದ ಒಪ್ಪಿಗೆಯನ್ನು ನಾನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಅಣ್ಣತಮ್ಮಂದಿರಿಗಾಗಿ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮ ಕಡೆ ಇದೇ ರೀತಿ ನಡೆಯುತ್ತದೆ. ನೋಂದಣಿಯಾದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಕೋರ್ಟು ಹತ್ತಬೇಕು.

ದುಡ್ಡಿನ ದಾರಿ ಅಷ್ಟು ಇಕ್ಕಟ್ಟಾಗಿಲ್ಲ. ಬೆಂಗಳೂರೇ ಆಗಬೇಕೆಂದಿಲ್ಲ, ಸಿಇಟಿ ಆಯ್ಕೆಪಟ್ಟಿಯಲ್ಲಿ ತುಮಕೂರಿನ ಕಾಲೇಜುಗಳನ್ನೂ ಮೇಲೆ ಹಾಕಿಕೊಳ್ಳಲಿ. ಮಧುಗಿರಿಯಿಂದ ಸುಮಾರು ನಲವತ್ತು ಕಿಲೋಮೀಟರು, ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ಹಾಸ್ಟೆಲ್ ಖರ್ಚು ಉಳಿಯುತ್ತದೆ. ದಿನಕ್ಕೆ ಮೂರು ಗಂಟೆ ಬಸ್ಸಿಗೇ ಹೋಗುತ್ತದೆ, ಮೊದಲ ವರ್ಷ ಅದು ಕಷ್ಟವೇ. ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಜಾಮೀನು ಆಸ್ತಿ ಇಲ್ಲದೆ ಸಿಗುತ್ತದೆ, ಏಳೂವರೆ ಲಕ್ಷದವರೆಗೆ ಸರ್ಕಾರದ ಖಾತರಿ ಯೋಜನೆಯಿದೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ, ಆದರೆ ಅಲ್ಲಿಯವರೆಗೆ ಬಡ್ಡಿ ಸೇರುತ್ತಲೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಸಾಲಕ್ಕೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು. ಆ ಸಹಿ ಹಾಕುವವರ ಹೆಸರಲ್ಲಿ ಜಾತ್ರೆಯ ಒಂದು ಲಕ್ಷವನ್ನು ಬ್ಯಾಂಕಿನಿಂದಲೋ ಫೈನಾನ್ಸ್ ಸಂಸ್ಥೆಯಿಂದಲೋ ಮೊದಲೇ ತಂದು ಕಂತು ತಪ್ಪಿದ್ದರೆ, ಸಾಲ ತೀರಿಸಿದ ದಾಖಲೆ ತೋರಿಸುವ ಸಿಬಿಲ್ ಅಂಕ ಇಳಿದು ಬ್ಯಾಂಕಿನವರು ಅರ್ಜಿಯನ್ನೇ ವಾಪಸ್ ಕಳಿಸಬಹುದು. ಮೈದುನನ ಜೊತೆ ಮಾತಿಗೆ ಕೂರುವಾಗ ಇದನ್ನು ಮೊದಲು ಹೇಳಿ.